ಆರು ಚಪ್ಪಲಿ

"ಐದು ಗಂಟೆವರೆಗೆ ಈ ಮನೆಯಲ್ಲಿ
ಯಾರ ಉಸಿರೂ ಕೇಳಬಾರದು" ಅಂದಳು ಮಂಗಲಾ.
ನಾಳೆ ಅವಳಿಗೆ ಟಿಇಟಿ.
ಮಕ್ಕಳ ಮನಃಶಾಸ್ತ್ರ ಅವಳ ಮಡಿಲಲ್ಲಿ,
ಮಕ್ಕಳು ನನ್ನ ಪಾಲಿಗೆ.

ಪ್ರಣಾಲಿಗೆ ಏಳು. ದತ್ತುವಿಗೆ ನಾಲ್ಕು,
ಅವನ ಲೆಕ್ಕದಲ್ಲಿ ನಾಲ್ಕೂವರೆ.
ಚೀಲದಲ್ಲಿ ಬೆಲ್ಲ ಸವರಿದ ಚಪಾತಿ ಸುರುಳಿ,
ಬೇಯಿಸಿದ ಮೊಟ್ಟೆ ಮೂರು, ನೀರು, ಟವೆಲ್ಲು,
ದತ್ತುವಿನ ಇನ್ನೊಂದು ಚಡ್ಡಿ.
ಬೈತಖೋಲದ ವರ್ಕ್‌ಶಾಪಿನಲ್ಲಿ ದೋಣಿ ಇಂಜಿನ್ ಬಿಚ್ಚುವಾಗ
ನಟ್ಟು ಬೋಲ್ಟು ಎಣಿಸಿಡುವ ರೂಢಿ ನನಗೆ.
ಹೊಸ್ತಿಲಲ್ಲೇ ಎಣಿಸಿಕೊಂಡೆ:
ಮಂದಿ ಮೂರು, ಚಪ್ಪಲಿ ಆರು.

ಮಾಜಾಳಿ ಬಸ್ಸಿನ ಕಿಟಕಿಗೆ ಜಗಳ.
ಕಾಳಿ ಸೇತುವೆ ಹತ್ತುವಾಗ ಒಪ್ಪಂದವಾಯಿತು,
ಹೋಗುವಾಗ ಅವಳು, ಬರುವಾಗ ಅವನು.
ಸದಾಶಿವಗಡ ದಾಟುವ ಮೊದಲೇ ಕೇಳಿದ:
"ಈಗ ಬರುವಾಗ ಆಯ್ತಾ?"

ಮಾಜಾಳಿಯ ದಂಡೆಯಲ್ಲಿ ಬಲೆ ಹೆಣೆಯುತ್ತಿದ್ದ ಮುದುಕ
ಕೈ ಬಿಡುವಿಲ್ಲದೆ ಗದ್ದದಿಂದ ದಾರಿ ತೋರಿಸಿದ:
"ಗುಡ್ಡ ಹತ್ತಿ, ಇಳೀರಿ. ಅಷ್ಟೇ.
ಸಣ್ಣವನನ್ನ ಬಂಡೆ ಮೇಲೆ ಬಿಡಬೇಡಿ."
ಸಣ್ಣವನಿಗೆ ಅವಮಾನ.
ಅರ್ಧ ಗುಡ್ಡ ದೊಡ್ಡವನಾಗಿಯೇ ನಡೆದ,
ಉಳಿದರ್ಧ ನನ್ನ ಹೆಗಲ ಮೇಲೆ.
ಗೇರು ಹೂವಿನ ಘಮ, ಕಾದ ಕೆಂಪು ಕಲ್ಲು,
ಅಂಗಿಯ ತೋಳಿಗೆ ಮುಳ್ಳುಕಂಟಿ.
ಪ್ರಣಾಲಿ ಮುಂದೋಡಿ ನೆತ್ತಿಯ ಮೇಲೆ ನಿಂತು
ಏನೋ ಕೂಗಿದಳು.
ಗಾಳಿ ಅದನ್ನು ನನ್ನ ತನಕ ತರಲಿಲ್ಲ.
ಹತ್ತಿ ನೋಡಿದೆ.

ಕಪ್ಪು.
ಯಾರೋ ಮೂಟೆಯ ಬಾಯಿ ಬಿಚ್ಚಿ
ಮರೆತು ಹೋದ ಹಾಗೆ ಕಪ್ಪು ಮರಳು,
ಅದರ ಅಂಚಿಗೆ ಬಿಳಿ ನೂಲು ಹೊಲಿಯುತ್ತ,
ಹೊಲಿದದ್ದನ್ನೇ ಬಿಚ್ಚುತ್ತ ಸಮುದ್ರ.
ನಮ್ಮ ಮನೆಮಾತಿನದೇ ಹೆಸರು, ಬಿಡಿಸಿ ಹೇಳಬೇಕಿರಲಿಲ್ಲ:
ತೀಳ, ಎಳ್ಳು. ಮಾತಿ, ಮಣ್ಣು.
ದತ್ತು ಒಂದು ಚಿಟಿಕೆ ನಾಲಿಗೆಗಿಟ್ಟ. ಉಗಿದ.
"ಎಳ್ಳಲ್ಲ."

ಅಗೆದರು. ಬಾವಿ, ಬಾವಿಗೊಂದು ಕಟ್ಟೆ,
ಕಟ್ಟೆಯ ಮೇಲೆ ನಾನು ಕೂರಬೇಕಂತೆ, ಕೂತೆ, ಕುಸಿಯಿತು.
ನನ್ನ ಉಗುರ ಸಂದಿಯ ಗ್ರೀಸು ಹದಿನಾರು ವರ್ಷದ್ದು,
ಯಾವ ಸೋಪಿಗೂ ಬಗ್ಗದು.
ಶಾಲೆಯಲ್ಲಿ ಪಾಲಕರ ಸಭೆಗೆ ಹೋದಾಗ
ಕೈ ಎರಡೂ ಬೆಂಚಿನ ಕೆಳಗೆ.
ಮೊಟ್ಟೆ ಸುಲಿಯಲು ಕೂತವಳು ತನ್ನ ಬೆರಳು ನೋಡಿ
ತಮ್ಮನ ಬೆರಳೂ ಎಳೆದು ನನ್ನ ಕೈ ಪಕ್ಕ ಹಿಡಿದಳು:
"ನೋಡು, ನಮಗೂ ಬಂತು ನಿನ್ನ ಕೈ."
ನಾನೇನೂ ಅನ್ನಲಿಲ್ಲ.
ಬಿಳಿ ಮೊಟ್ಟೆಯ ಮೇಲೆ ಮೂವರ ಹೆಬ್ಬೆಟ್ಟು,
ಹಾಗೇ ತಿಂದೆವು, ಹಲ್ಲಿಗೆ ಕರಕರ.

ಅಷ್ಟರಲ್ಲಿ ದೋಣಿಯಾಟ.
ಚಪ್ಪಲಿಗಳನ್ನು ಸಾಲಾಗಿ ನೀರಂಚಿಗೆ ನಿಲ್ಲಿಸಿದ್ದ ದತ್ತು.
ಒಂದು ಹೊರಟೇಬಿಟ್ಟಿತು, ನೀಲಿಯದು, ಎಡಗಾಲಿನದು.
ಮೊಣಕಾಲವರೆಗೆ ಓಡಿದೆ, ಸೊಂಟದವರೆಗೆ ಓಡಿದೆ,
ಕೈಗೆ ಸಿಕ್ಕಂತೆ ಮಾಡಿ ಉತ್ತರಕ್ಕೆ ತಿರುಗಿತು.
ಅಳುತ್ತಾನೆಂದುಕೊಂಡೆ. ಅಳಲಿಲ್ಲ.
"ಎಲ್ಲಿಗೆ ಹೋಗ್ತದೆ ಅದು?"
"ಆ ಕಡೆ ಗೋವಾ."
"ಚೆಕ್‌ಪೋಸ್ಟಲ್ಲಿ ಹಿಡೀತಾರಾ?"
"ಅದರಲ್ಲಿ ಬಾಟಲಿ ಇಲ್ಲವಲ್ಲ" ಅಂದಳು ಪ್ರಣಾಲಿ,
ಬಸ್ಸಿನ ಚೀಲಗಳನ್ನು ತಡಕುವುದು ನೋಡಿದ್ದವಳು.
ಕಣ್ಣಿಗೆ ಕಾಣುವವರೆಗೂ ಕೈ ಬೀಸಿದರು ಇಬ್ಬರೂ,
ಒದ್ದೆ ಪ್ಯಾಂಟಿನಲ್ಲಿ ನಾನೂ.

ಬರುವಾಗ ಕಿಟಕಿ ಅವನದು, ಅವನು ನಿದ್ದೆಯದು.
ಅವಳು ಆಸೆಯಿಂದ ನೋಡಿದಳು, ಜಾಗ ಕೇಳಲಿಲ್ಲ.
ಕಾಳಿಯ ಮೇಲೆ ಮಾತ್ರ ಅಲುಗಿಸಿದಳು:
"ಏ, ನದಿ ಬಂತು, ನೋಡು."
ಕಣ್ಣು ತೆರೆಯದೆ ಅಂದ, "ನೋಡಿದೆ."

ಮನೆ ಮುಟ್ಟಿದಾಗ ಐದಕ್ಕೆ ಇನ್ನೂ ಹತ್ತು ನಿಮಿಷ.
ಮೆಟ್ಟಿಲ ಮೇಲೆ ಕೂತೆವು.
ಒಳಗೆ ಮಂಗಲಾ ಗಟ್ಟಿಯಾಗಿ ಓದುತ್ತಿದ್ದಾಳೆ,
ಮಗುವಿನ ಕಲಿಕೆಯ ಹಂತಗಳು, ಒಂದು, ಎರಡು,
ಮೂರನೆಯದಕ್ಕೆ ತಡವರಿಸಿ ಮತ್ತೆ ಒಂದರಿಂದ.
ಎಣಿಸಿದೆ: ಮಂದಿ ಮೂರು, ಚಪ್ಪಲಿ ಐದು.
ಬರಿಗಾಲನ್ನು ನನ್ನ ಪಾದದ ಮೇಲಿಟ್ಟು
ದತ್ತು ಕಿವಿಯಲ್ಲಿ ಕೇಳಿದ:
"ಪಪ್ಪಾ, ಈಗ ಉಸಿರು ಬಿಡಬಹುದಾ?"