ಲಾಭ, ಎರಡು, ಮೂರು

ಕೂರ್ಗಳ್ಳಿಯ ನಮ್ಮ ಶೆಡ್ಡಿನಲ್ಲಿ
ಚಿಕ್ಕತಾಯಮ್ಮ ಕೈಗವಸು ಎಣಿಸುವುದು ಭತ್ತ ಅಳೆದ ಹಾಗೆ:
ಲಾಭ, ಎರಡು, ಮೂರು...
ಒಂದು ಎನ್ನುವುದೇ ಇಲ್ಲ. ಕೆ.ಆರ್. ಪೇಟೆ ಕಡೆಯವಳು.
ಕೊಳಗ ಮನೆಯಿಂದ ಹೋಯಿತು, ನಾಲಿಗೆಯಿಂದ ಹೋಗಿಲ್ಲ.

ನಾನು ಕಾಸ್ಟಿಂಗ್ ಸೆಕ್ಷನ್ನು.
ನನ್ನ ಹಾಳೆಯಲ್ಲಿ ಲಾಭ ಕಟ್ಟಕಡೆಯ ಸಾಲು.
ಚರ್ಮ, ಅಸ್ತರು, ಎಲಾಸ್ಟಿಕ್ಕು, ಕರೆಂಟು, ಪಿ.ಎಫ್.,
ಚೆನ್ನೈ ಬಂದರಿನ ತನಕ ಲಾರಿ ಬಾಡಿಗೆ,
ಎಲ್ಲರೂ ಉಂಡೆದ್ದ ಮೇಲೆ
ಪಾತ್ರೆಯ ತಳಕ್ಕೆ ಅಂಟಿಕೊಂಡದ್ದು.
ಜೋಡಿಗೆ ಹದಿನಾಲ್ಕು ರೂಪಾಯಿ, ಈ ಸಲ.

ಮೇ ತಿಂಗಳು. ತಗಡಿನ ಕೆಳಗೆ ಮೂವತ್ತೆಂಟು ಡಿಗ್ರಿ.
ಹತ್ತಿ ಹಾರುತ್ತದೆಂದು ಫ್ಯಾನಿಲ್ಲ.
ನಲವತ್ತು ಹೆಂಗಸರು ಬೆವರುತ್ತಾ ಹೊಲಿಯುತ್ತಾರೆ
ಡಿಸೆಂಬರಿನಲ್ಲಿ ಆಸ್ಟ್ರಿಯಾದ ಯಾವುದೋ ಇಳಿಜಾರಿನಲ್ಲಿ
ಜಾರಲಿರುವವರ ಬೆರಳುಗಳನ್ನು.
ಶಿವನಂಜಿ ಕೇಳಿದ್ದಳು ಒಮ್ಮೆ:
‘ನಾವು ಬೆಟ್ಟ ಹತ್ತೋದು ಹರಕೆಗೆ, ಸಾವಿರ ಮೆಟ್ಲು.
ಅವರು ಇಳಿಯೋಕೆ ದುಡ್ಡು ಕೊಡ್ತಾರಾ?’

ಹಿಮ ಕಂಡವರು ಇಲ್ಲಿ ಒಬ್ಬರೇ, ಕ್ವಾಲಿಟಿಯ ಬೋಪಣ್ಣನವರು.
ಹವಾಲ್ದಾರರಾಗಿದ್ದರು. ಎಡಗೈ ಕಿರುಬೆರಳಿನ ಎರಡು ಗೆಣ್ಣು
ಲಡಾಖಿನಲ್ಲಿ ಬಿಟ್ಟು ಬಂದವರು.
ಶನಿವಾರಕ್ಕೊಮ್ಮೆ ಮಂಡಿ ಮೊಹಲ್ಲಾದ ಐಸ್ ಫ್ಯಾಕ್ಟರಿಯಿಂದ
ಗೋಣಿ ಸುತ್ತಿದ ಗಡ್ಡೆಯೊಂದು ಆಟೋದಲ್ಲಿ ಬರುತ್ತದೆ,
ಅರ್ಧ ದಾರಿಗೇ ಚೆಲ್ಲಿ.
ಗವಸು ತೊಟ್ಟು ಹತ್ತು ನಿಮಿಷ ಅದರ ಮೇಲೆ ಕೈಯಿಟ್ಟು ಕೂರುತ್ತಾರೆ,
ಮಗುವಿನ ಜ್ವರ ನೋಡುವವರ ಹಾಗೆ.
ಉಳಿದದ್ದು ಮಜ್ಜಿಗೆಗೆ.
ಕುಡಿಯುವ ಐಸಲ್ಲ ಅದು, ಗೊತ್ತು.

ಸೋಮವಾರ ಯಜಮಾನ ವೃಷಭೇಂದ್ರಪ್ಪ ಮೀಟಿಂಗು ಕರೆದರು.
ಕೊಳ್ಳುವವನ ಪತ್ರ: ಅಲ್ಲಿ ಎರಡು ವರ್ಷ ಹಿಮ ತಡವಾಯಿತು,
ಗೋದಾಮಿನಲ್ಲಿ ಹಳೆಯ ಮಾಲು ಕೂತಿದೆ,
ಇಪ್ಪತ್ತೆರಡು ಸಾವಿರ ಜೋಡಿ ಈಗ ಒಂಬತ್ತು ಸಾವಿರ,
ದರದಲ್ಲೂ ಶೇಕಡ ಆರು ಇಳಿಸಿ.
ನಮ್ಮ ಕಡೆ ಮಳೆ ಕೈಕೊಟ್ಟರೆ ಬೈಯಲು ದೇವರಿದ್ದಾನೆ;
ಏಳು ಸಮುದ್ರದಾಚೆ ಹಿಮ ಕೈಕೊಟ್ಟರೆ
ಯಾರ ಗುಡಿಗೆ ಹೋಗಿ ಗಂಟೆ ಹೊಡೆಯುವುದು?

‘ಹೆಬ್ಬೆರಳಿಗೆ ಎರಡು ಹೊಲಿಗೆ ಯಾಕೆ?’ ಎಂದರು.
ಲೆಕ್ಕ ನನ್ನದೇ. ಎರಡನೆಯದನ್ನು ಬಿಟ್ಟರೆ
ಜೋಡಿಗೆ ಮೂರು ರೂಪಾಯಿ ನಲವತ್ತು ಪೈಸೆ ಉಳಿತಾಯ.
ಕೆಂಪು ಇಂಕಿನಲ್ಲಿ ಬರೆದುಕೊಟ್ಟಿದ್ದೆ,
ಜಾಣೆ ಅನ್ನಿಸಿಕೊಳ್ಳುವ ಆಸೆ.
ಬೋಪಣ್ಣ ಮಾತಾಡಲಿಲ್ಲ.
ಎಡಗೈ ಮೇಜಿನ ಮೇಲಿಟ್ಟರು,
ಕಾಗದ ಹಾರದಿರಲೆಂದು ಇಡುವ ಕಲ್ಲಿನ ಹಾಗೆ,
ನನ್ನ ಹಾಳೆಯ ಮೇಲೆಯೇ.
ಅದರಡಿಯ ಸಾಲನ್ನು ಯಾರೂ ಓದಲಿಲ್ಲ.

ಹೊಲಿಗೆ ಉಳಿಯಿತು. ಇಡಿಯಾಗಿ ಉಳಿಯಲಿಲ್ಲ, ನಿಜ ಹೇಳಬೇಕು:
ಇಂಚಿಗೆ ಹನ್ನೆರಡು ಬೀಳುತ್ತಿದ್ದದ್ದು ಹತ್ತಾಯಿತು.
ಆರು ಮಿಷನ್ನಿಗೆ ಬಟ್ಟೆ ಮುಚ್ಚಿದೆವು.
ನಸೀಮಾಳಿಗೆ ಎರಡು ತಿಂಗಳು ಬರಬೇಡ ಎಂದವಳು ನಾನೇ.

ಆಷಾಢದಲ್ಲಿ ಅವಳೇ ಬಂದಳು, ಗೇಟಿನ ತನಕ.
ಭಾವ ಬಂಡಿಪಾಳ್ಯದ ಕೋಲ್ಡ್ ಸ್ಟೋರೇಜಿನಲ್ಲಿ ಬಟಾಣಿ ಹೊರುವವನು,
ಸೊನ್ನೆಗಿಂತ ಹದಿನೆಂಟು ಕೆಳಗೆ, ಕೈಗೆ ಪ್ಲಾಸ್ಟಿಕ್ ಕವರು.
ರಿಜೆಕ್ಟಾದ ಒಂದು ಜೋಡಿ ಅವಳು ಮನೆಗೊಯ್ದಿದ್ದಳಂತೆ
(ಕದ್ದಳು ಅನ್ನಬಹುದು, ನಾನು ಅನ್ನಲಿಲ್ಲ).
‘ಇಂಥಾವು ಅರವತ್ತು ಬೇಕಂತೆ ಅಕ್ಕಾ.
ಕಲರ್ರು ಯಾವುದಾದ್ರೂ ಆಯ್ತು, ಹೆಸರು ಹಾಕೋದು ಬೇಡ.’

ಸಮುದ್ರವಿಲ್ಲ, ಕಂಟೇನರಿಲ್ಲ, ಮಿಂಚುವ ಪಟ್ಟಿಯಿಲ್ಲ.
ಮೂರು ಸಲ ಕೂಡಿದೆ.
ಜೋಡಿಗೆ ನಲವತ್ತೊಂದು.
ಯಜಮಾನರು ನಕ್ಕರು: ‘ಅರವತ್ತೂ ಒಂದು ವ್ಯಾಪಾರವೇನಮ್ಮ?’
ನಕ್ಕ ಮೇಲೆ ಹಾಳೆ ಜೇಬಿಗಿಟ್ಟುಕೊಂಡರು.

ಚೀಲಕ್ಕೆ ತುಂಬುತ್ತಾ ಚಿಕ್ಕತಾಯಮ್ಮ ಎಣಿಸಿದಳು.
ಎದುರು ಕೂತು ನಾನೂ ತಾಳೆ ನೋಡಿದೆ.
ನನ್ನದು ಐವತ್ತೊಂಬತ್ತೇ ಬಂತು.
ಮತ್ತೆ ಸುರಿದೆವು, ಮೊದಲಿಂದ.
‘ಒಂ’ ಎಂದು ಬಾಯಿ ತೆರೆದವಳು
ಅವಳ ಮುಖ ನೋಡಿ ಸುಮ್ಮನಾದೆ.