ತೃತೀಯಾ ವಿಭಕ್ತಿ

ಖತೀಬ ಸಾಬರ ಕಣ್ಣು ಪೂರಾ ಆರಿದ ವರ್ಷ
ನಾನು ಅವರ ಕೈಯಾದೆ.
ಶಾಲೆ ಬಿಟ್ಟ ಮೇಲೆ ಅಂದ್ರೂನ್ ಕಿಲ್ಲಾದ ಓಣಿಯಲ್ಲಿ
ಸೈಕಲ್ ಗೋಡೆಗೆ ಒರಗಿಸಿ ಹನ್ನೊಂದು ಮೆಟ್ಟಿಲು.
ಮೇಲೆ ಫ್ಯಾನು ತಿರುಗುತ್ತಿತ್ತು, ಗಾಳಿ ತಿರುಗುತ್ತಿರಲಿಲ್ಲ,
ರಾಯಚೂರಿನ ಏಪ್ರಿಲ್.
"ಬರಕೋ ಅವ್ವಾ," ಅನ್ನುತ್ತಿದ್ದರು,
"ಅರಬ್ಬಿಯೊಳಗ ಬರೆದದ್ದು ನಲವತ್ತು ಮಂದಿ ಓದಿದರು,
ಉರ್ದುವಿನೊಳಗ ಬರೆದದ್ದು ನನ್ನ ಭಾವಮೈದ ಓದಿದ.
ಇದೊಂದು ಕನ್ನಡದಾಗ ಇರಲಿ."

ಒಂದೇ ಪ್ರಶ್ನೆಗೆ ಒಂದು ಜನ್ಮ:
ಹತ್ತಿಯ ಹತ್ತಿರ ಬೆಂಕಿ ತಂದರೆ
ಸುಡುವುದು ಬೆಂಕಿಯೋ, ಅಲ್ಲಾಹನೋ?
ಒಂಬೈನೂರು ವರ್ಷ ಹಳೆಯ ಜಗಳ.
ಅದನ್ನು ಹೊತ್ತು ಹದಿನಾರಕ್ಕೆ ಹೈದರಾಬಾದಿನ ರೈಲು,
ಇಪ್ಪತ್ತೊಂಬತ್ತಕ್ಕೆ ಕೈರೋ.
"ಅಲ್ಲಿ ದೊಡ್ಡ ದೊಡ್ಡ ಪಂಡಿತರು
ಉದಾಹರಣೆಗೆ ಹತ್ತಿ, ಅಂದಾಗೆಲ್ಲ
ಜಿನ್ನಿಂಗ್ ಮಿಲ್ಲಿನ ಧೂಳು ನೆನಪಾಗಿ ಸೀನಿದವ
ನಾನೊಬ್ಬನೇ."

ಡಾಕ್ಟರೇಟು. ಮರಳಿ ಊರು. ಕಾಲೇಜಿನಲ್ಲಿ ಅರೇಬಿಕ್:
ಮೊದಲು ಏಳು ಹುಡುಗರು, ಆಮೇಲೆ ಮೂವರು,
ಆಮೇಲೆ ಒಬ್ಬ. ಅವನೂ ದುಬೈಗೆ ಬೇಕಾದಷ್ಟು ಕಲಿತು ಹೋದ.
ನಿವೃತ್ತಿಯ ದಿನ ಶಾಲು, ಗೋಡೆ ಗಡಿಯಾರ.
ಒಂದು ಶುಕ್ರವಾರ ಮಸೀದಿ ಮುಂದೆ
ಚಪ್ಪಲಿ ಹುಡುಕುತ್ತಿದ್ದ ಹುಡುಗನೊಬ್ಬ ತಡೆದು ಕೇಳಿದನಂತೆ,
"ಬೆಂಕಿ ಸುಡೋದಿಲ್ಲ ಅಂತೀರಿ,
ಹಂಗಾದ್ರ ನರಕಕ್ಕ ಯಾಕ ಅಂಜಬೇಕು?"
ಎರಡು ದಿನ ನಕ್ಕರು. ಮೂರನೆಯ ದಿನ ನಗು ನಿಲ್ಲಿಸಿ
ಅವನ ಮನೆ ಹುಡುಕಿದರು. ಸಿಗಲಿಲ್ಲ.
"ಶಿಷ್ಯ ಅಂದ್ರ ಅವನಾಗಬೇಕಿತ್ತು."

ಬೆಂಕಿಯಿಂದ ಹತ್ತಿ ಸುಟ್ಟಿತು, ಎಂದು ಬರೆದೆ.
"ಓದು," ಅಂದರು. ಓದಿದೆ.
ತೋರುಬೆರಳು ಮೇಲೆದ್ದಿತು.
"ಆ 'ಇಂದ' ತೆಗಿ. ಅದನ್ನ ಯಾರೂ ಕಂಡಿಲ್ಲ.
ಬೆಂಕಿ ಕಂಡೆವು. ಸುಟ್ಟದ್ದು ಕಂಡೆವು.
ನಡುವ 'ಇಂದ' ಇತ್ತು ಅಂದವರು ವ್ಯಾಕರಣದವರು."

ನಾನು ವ್ಯಾಕರಣದವಳು.
ಏಳನೆಯ ತರಗತಿಗೆ ವಿಭಕ್ತಿ ಪ್ರತ್ಯಯ ಕಲಿಸುವವಳು.
ಹೊಡೆದುಹಾಕಿದೆ.
ಬರೆದೆ: ಬೆಂಕಿ ಮುಟ್ಟಿದಾಗ.

ಆಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಹೇಳಿಬಿಟ್ಟೆ.
ನನ್ನ ಅಪ್ಪ ಹುಸೇನಪ್ಪ, ಪೀರಲ ದೇವರಿಗೆ ಹೊತ್ತ ಹರಕೆಯ ಹೆಸರು.
ಗಂಜಿನ ಹಿಂದಿನ ಮಿಲ್ಲಿನಲ್ಲಿ ರಾತ್ರಿ ಕಾವಲು.
ಮುನ್ನೂರು ಅಂಡಿಗೆ ಉರಿದ ಮರುದಿನ
ಪಂಚನಾಮೆಯಲ್ಲಿ ಒಂದು ಸಾಲು:
ಕಾವಲುಗಾರನ ಬೀಡಿಯಿಂದ.
ಕೆಲಸ ಹೋಯಿತು. ಬೀಡಿ ಬಿಟ್ಟ, ಮಾತೂ ಬಿಟ್ಟ.
ಅವ್ವ ಒಲೆ ಹಚ್ಚುವಾಗ
ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದ,
ಸಾಯುವ ತನಕ.

"ಆ 'ಇಂದ'ವನ್ನೂ ತೆಗೀರಿ ಸಾಬ್ರೇ," ಅಂದೆ.

ಫ್ಯಾನು.
ಕೆಳಗೆ ಯಾರೋ ಕೊತ್ತಂಬರಿ ಕೂಗುತ್ತ ಹೋದರು.
ಮುದುಕರ ಮುಖ ಕಿಟಕಿಯ ಕಡೆ, ಕಾಣದ ಕಿಟಕಿಯ ಕಡೆ.
"ಇಲ್ಲ ಮಗಳ. ದೇವರ ಬೆನ್ನಿಗೆ ಅಡಗಿ ಕೂಡಾಕ ಅಲ್ಲ ಈ ಮಾತು.
ಅವನಿಗೂ ಒಂದು ರೂಢಿ ಐತಿ, ದಿನಾ ಮುರಿಯೋದಿಲ್ಲ.
ಆ ರಾತ್ರಿ ನಿಮ್ಮಪ್ಪ ಬೀಡಿ ಹಚ್ಚಿದ್ದನೇನು?"
ಗೊತ್ತಿಲ್ಲ, ಅಂದೆ.
"ಪಂಚರಿಗೆ?"
ಅವರು ಬಂದದ್ದು ಬೆಳಗಾದ ಮೇಲೆ.
ಬಹಳ ಹೊತ್ತಾಯಿತು.
"ಗೊತ್ತಿಲ್ಲ ಅಂತ ಬರಿ. ಹೊಸ ಹಾಳಿ ಮ್ಯಾಲ."

ಅದು ನಾನೂರ ಹನ್ನೆರಡನೆಯ ಹಾಳೆ.
ಆಮೇಲೆ ಬರೆಸಿದ್ದು ಮೂರೇ.
ಕಟ್ಟು ನನ್ನ ಟ್ರಂಕಿನಲ್ಲಿದೆ, ನುಸಿಗುಳಿಗೆಯ ಜೊತೆ.
ಪ್ರೆಸ್ಸಿನವನು ತೂಕ ನೋಡಿ ಕೇಳಿದ, ಯಾರು ಓದ್ತಾರ ಮೇಡಂ?

ಈಗ ಅರ್ಧವಾರ್ಷಿಕ ಪರೀಕ್ಷೆ, ಕೆಂಪು ಪೆನ್ನು.
ತೃತೀಯಾ ವಿಭಕ್ತಿಗೆ ಉದಾಹರಣೆ ಕೊಡಿ, ಒಂದು ಅಂಕ.
ಮೂವತ್ತೆಂಟು ಮಕ್ಕಳು
ಕೊಡಲಿಯಿಂದ ಒಂದೇ ಮರ ಕಡಿದಿದ್ದಾರೆ.
ಹಿಂದಿನ ಬೆಂಚಿನ ಒಬ್ಬಳು ಮಾತ್ರ:
ಬಿಸಿಲಿನಿಂದ ನಮ್ಮ ಎಮ್ಮೆ ಸತ್ತಿತು.

ಸರಿಯಾದ ಉತ್ತರ. ಗುರುತು ಹಾಕುತ್ತೇನೆ,
ಸ್ವಲ್ಪ ತಡೆದು.