ವಾಪಸು ಬಂದ ಎಂಟನೆಯದು

ಡ್ರಾಯಿಂಗಿನಲ್ಲಿ ಪ್ರೊಪೆಲರ್ ಅಂತಿದೆ,
ಮಾಚೇನಹಳ್ಳಿಯ ನಮ್ಮ ಫೌಂಡ್ರಿಯಲ್ಲಿ ಫ್ಯಾನು.
ಕಂಚಿನ ಐದು ರೆಕ್ಕೆ. ತಬ್ಬಿದರೆ
ಕೈಗೆ ಕೈ ತಾಗದು.
ದೋಣಿಗೆ ಎರಡು, ಒಂದು ಎಡಮುರಿ ಒಂದು ಬಲಮುರಿ,
ಆರು ದೋಣಿ; ಲೆಕ್ಕ ನೀವೇ ಹಾಕಿಕೊಳ್ಳಿ.

ಕೊಂಡವರು ಯಾವುದೋ ಚಿಕ್ಕ ದ್ವೀಪದವರು.
ಎಷ್ಟು ಚಿಕ್ಕದೆಂದರೆ
ಅವರ ನೌಕಾಪಡೆಯನ್ನೆಲ್ಲ ಕರೆದು
ನಮ್ಮ ಕ್ಯಾಂಟೀನಿನಲ್ಲಿ ಮೂರೇ ಪಂಕ್ತಿಗೆ ಊಟ ಮುಗಿಸಬಹುದು,
ಎಂದರು ಮ್ಯಾನೇಜರು. ಗೋಡೆಗೆ ಫೋಟೋ ಅಂಟಿಸಿದರು:
ಬೂದು ಬಣ್ಣದ ಕಾವಲು ದೋಣಿ, ಮೂಗು ಮೇಲೆ,
ಹಿಂದೆ ನೊರೆಯ ಬಾಲ.
ವೇಗ ಮೂವತ್ತೈದು ಗಂಟು.

ಗಂಟೇ? ಅಂದರು ಕುಲುಮೆಯ ದಸ್ತಗೀರ್ ಸಾಬರು.
ಗಂಟು ಹಾಕಿದರೆ ನಿಲ್ಲಬೇಕಲ್ಲ ಮಾರಾಯ್ತಿ,
ಓಡುವುದು ಹೇಗೆ?
ನನಗೂ ಗೊತ್ತಿರಲಿಲ್ಲ.
ಘಟ್ಟ ಇಳಿದರೆ ಅರ್ಧ ದಿನಕ್ಕೆ ಸಮುದ್ರ;
ಇಳಿಯುವ ಕೆಲಸವೇ ಬಿದ್ದಿರಲಿಲ್ಲ ಇಬ್ಬರಿಗೂ.

ಮರದ ಅಚ್ಚು ಕೆತ್ತಿದವರು ಈರಾಚಾರಿ.
ಆ ದೋಣಿಗಳಿಗೆ ಅವರ ಕಡೆಯ ಮೀನಿನ ಹೆಸರಂತೆ,
ನಾಲಿಗೆ ಹೊರಳದವು.
ಇವರು ಮರಳಿನ ಪೆಟ್ಟಿಗೆಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದರು:
ಬಾಳೆ, ಅವಲು, ಕುಚ್ಚು, ಮುರುಗೋಡು, ಚೇಳು, ಹಾವುಮೀನು.
ಭದ್ರೆಯಲ್ಲಿ ಈಜದ ಮೀನು
ಇವರ ಮಟ್ಟಿಗೆ ಮೀನೇ ಅಲ್ಲ.

ನನ್ನದು ತೂಕದ ಕೆಲಸ.
ಎರಡು ಅಂಚಿನ ಮೇಲೆ ಕೂರಿಸಿ ಕೈ ಬಿಟ್ಟರೆ
ಭಾರದ ರೆಕ್ಕೆ ತಾನಾಗಿ ಕೆಳಗೆ ಬರುತ್ತದೆ,
ತಪ್ಪು ಮಾಡಿದ ಮಗು ಎದುರಿಗೆ ಬಂದು ನಿಂತ ಹಾಗೆ.
ಉಜ್ಜುತ್ತೇನೆ. ಬಿಡುತ್ತೇನೆ. ಮತ್ತೆ ಉಜ್ಜುತ್ತೇನೆ.
ಎಲ್ಲಿ ಬಿಟ್ಟೆನೋ ಅಲ್ಲೇ ನಿಲ್ಲುವವರೆಗೆ.
ಎಂಟು ಗ್ರಾಂ ಮೀರಿ ಆಚೀಚೆಯಾದರೆ
ಯಾರು ಹೇಳಿದರೂ ನನ್ನ ಸಹಿ ಇಲ್ಲ.

ಮೂರನೆಯ ವರ್ಷ, ಎಂಟನೆಯದು ವಾಪಸು ಬಂತು.
ಅಂದರೆ ನಾಲ್ಕನೆಯ ದೋಣಿ, ಈರಾಚಾರಿಯ ಮುರುಗೋಡು.
ಪೆಟ್ಟಿಗೆ ಬಿಚ್ಚಿದರೆ ಒಣಮೀನಿನ ಸಂತೆಯ ವಾಸನೆ.
ಎರಡು ರೆಕ್ಕೆ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸುರುಟಿ,
ಬುಡದಲ್ಲಿ ಹಾಲುಹಲ್ಲಿನಂಥ ಬಿಳಿ ಚಿಪ್ಪುಗಳು.
ಕಾಗದದಲ್ಲಿ: ಬಂಡೆ ತಾಗಿದೆ.
ದಸ್ತಗೀರ್ ಸಾಬರು ಬೆರಳು ಸವರಿ ನಾಲಿಗೆಗಿಟ್ಟು
ಉಪ್ಪೇ, ಎಂದರು,
ಇಷ್ಟು ದಿನ ನಂಬಿರಲಿಲ್ಲವೇನೋ ಅನ್ನುವಂತೆ.

ಸಂದಿಯಲ್ಲಿ ಹಸಿರು ನೈಲಾನು,
ಅರ್ಧ ಕರಗಿ, ಸುತ್ತಿ, ಸುತ್ತಿ.
ಉಳಿ ಹಾಕಿ ಎಬ್ಬಿಸಿದವನು ಹಾಲೇಶಿ,
ಹೊಳೆಸಾಲಿನ ಹುಡುಗ, ಅಪ್ಪ ಬಲೆ ಬೀಸಿದವನು.
ಬೆಳಕಿಗೆ ಹಿಡಿದು ನೋಡಿದ:
ಮಿಶನ್ನಿನ ಗಂಟಲ್ಲಕ್ಕ ಇದು. ಕೈಯದು.
ಹರಿದಲ್ಲಿ ಮತ್ತೆ ಹೆಣೆದದ್ದು. ಇಲ್ಲಿ ಒಂದು ಸಲ,
ನೋಡು, ಇಲ್ಲಿ ಇನ್ನೊಂದು ಸಲ.

ಯಾರದು? ಕಾವಲು ತಪ್ಪಿಸಿ ಓಡಿದವನದೋ,
ಕಾವಲು ಕೊಡಿ ಎಂದು ಬೇಡಿಕೊಂಡವನದೋ,
ಯಾವ ಗಾಳಿಗೋ ಕಳಚಿಕೊಂಡು
ಒಡೆಯನಿಲ್ಲದೆ ಅಲೆಯುತ್ತಿದ್ದದ್ದೋ.
ಬಂಡೆ ಎಂದು ಬರೆದ ಕೈ
ಬರೆಯುವ ಮುಂಚೆ ಒಂದು ಗಳಿಗೆ ತಡೆಯಿತೋ ಇಲ್ಲವೋ.

ಕಾಸಿದೆವು, ಬಡಿದೆವು, ಬೆಸೆದೆವು.
ಅಂಚಿನ ಮೇಲೆ ಕೂರಿಸಿ ಬಿಟ್ಟೆ; ನಿಂತಿತು.
ಯಾಕೋ, ಬಲೆಯ ಚೂರನ್ನೂ ತಕ್ಕಡಿಗಿಟ್ಟೆ.
ಹನ್ನೊಂದು ಗ್ರಾಂ.
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.
ಸಹಿ ಹಾಕಿದೆ.

ಟೀ ಬಿಡುವಿನಲ್ಲಿ ಹಾಲೇಶಿ ಕನ್ನಡಕ ಹಣೆಗೇರಿಸಿ
ಗಂಟು ಬಿಡಿಸುತ್ತ ಕೂತಿದ್ದ. ಒಂದು ಬಿಚ್ಚಿತು. ಎರಡು.
ಮೂರನೆಯದು ಕರಗಿ ಕಲ್ಲಾಗಿತ್ತು;
ಉಗುರು ಊರಿ ನೋಡಿದ, ಹಲ್ಲು ಹಚ್ಚಿ ನೋಡಿದ,
ಸೈರನ್ ಆಯಿತು, ಜೇಬಿಗೆ ಹಾಕಿಕೊಂಡ.